ವಿಂಡೋಸ್‌ನಿಂದ ಲಿನಕ್ಸ್‌ಗೆ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಣ್ಣ ಓದು ಮುಗಿಸಿ ಬಿಟ್ಟುಹೋದ ಲ್ಯಾಪ್‌ಟಾಪ್, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ಇಂಥವುಗಳಲ್ಲಿ ಬಹಳಷ್ಟು ಈ ಗೆರೆಯ ಆಚೆಗೆ ಉಳಿದುಬಿಟ್ಟವು. ನಮ್ಮ ಎರಡೂ ಜಿಲ್ಲೆಗಳಲ್ಲಿ ಓದುವ ಎಷ್ಟೋ ಮಕ್ಕಳ ಕೈಯಲ್ಲಿರುವುದು ಇವೇ. ಅವು ಕೆಟ್ಟಿಲ್ಲ. ಕೀಬೋರ್ಡ್ ಗಟ್ಟಿಯಾಗಿದೆ, ಪರದೆ ಚೆನ್ನಾಗಿದೆ, ಲ್ಯಾಬ್ ಪ್ರೋಗ್ರಾಂ ಓಡಿಸುವಷ್ಟು ಶಕ್ತಿ ಧಾರಾಳವಾಗಿದೆ. ಹೊಸದು ಕೊಡಿಸಿ ಎಂದು ಮನೆಯಲ್ಲಿ ಕೇಳುವ ಮೊದಲು ಇದೇ ಯಂತ್ರಕ್ಕೆ ಲಿನಕ್ಸ್ (ವಿಂಡೋಸ್‌ನ ಜಾಗದಲ್ಲಿ ಓಡುವ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿ ನೋಡಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಲಿನಕ್ಸ್ ಹಾಕುವುದು ಸುಮಾರು ಅರ್ಧ ಗಂಟೆಯ ಕೆಲಸ. ವಿದ್ಯಾರ್ಥಿಗಳು ತೊಂದರೆಗೆ ಸಿಲುಕುವುದು ಹೆಚ್ಚಾಗಿ ತಪ್ಪು ವಾರವನ್ನು ಆರಿಸಿಕೊಂಡಾಗ. ಸೋಮವಾರ ಇಂಟರ್ನಲ್ಸ್ ಇಟ್ಟುಕೊಂಡು ಶನಿವಾರ ರಾತ್ರಿ ಈ ಕೆಲಸಕ್ಕೆ ಕೈಹಾಕಬಾರದು. ಪ್ರಾಜೆಕ್ಟ್ ವರದಿ ಅರ್ಧ ಆಗಿರುವಾಗಲೂ ಬೇಡ. ಆದ್ದರಿಂದ ಈ ಮಾರ್ಗದರ್ಶಿಯನ್ನು ಸೆಮಿಸ್ಟರ್‌ನ ಲೆಕ್ಕದಲ್ಲೇ ಜೋಡಿಸಿದ್ದೇನೆ: ಸೆಮಿಸ್ಟರ್ ನಡೆಯುತ್ತಿರುವಾಗ ತಯಾರಿ, ಪರೀಕ್ಷೆ ಮುಗಿದ ಮೇಲೆ ಇನ್‌ಸ್ಟಾಲ್, ಮುಂದಿನ ಸೆಮಿಸ್ಟರ್ ಪೂರ್ತಿ ಎರಡೂ ವ್ಯವಸ್ಥೆಗಳ ಜೊತೆಗಿನ ಬದುಕು.

ಯಾರು ದಾಟಬಹುದು, ಯಾರು ಕಾಯಬೇಕು

ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಬಿಸಿಎ ವಿದ್ಯಾರ್ಥಿಗಳು ನಿಶ್ಚಿಂತೆಯಿಂದ ದಾಟಬಹುದು. ಸಿ, ಪೈಥಾನ್, ಜಾವಾ, ಡೇಟಾಬೇಸ್, ಎಲ್ಲವೂ ಲಿನಕ್ಸ್‌ನಲ್ಲಿ ಸಲೀಸು. ಎಲೆಕ್ಟ್ರಾನಿಕ್ಸ್‌ನವರಿಗೂ ದೊಡ್ಡ ಅಡ್ಡಿಯಿಲ್ಲ. ಆರ್ಡುಯಿನೋ, ಕೀಕ್ಯಾಡ್, ವಿವಾಡೋ ಮೂರಕ್ಕೂ ಲಿನಕ್ಸ್ ಆವೃತ್ತಿಗಳಿವೆ. ವಿಎಲ್‌ಎಸ್‌ಐ ಲ್ಯಾಬ್‌ನ ಕೇಡೆನ್ಸ್ ವರ್ಚುವೋಸೋ ಓಡುವುದೇ ಲಿನಕ್ಸ್ ಮೇಲೆ. ಮ್ಯಾಟ್‌ಲ್ಯಾಬ್‌ಗೂ ಲಿನಕ್ಸ್ ಆವೃತ್ತಿ ಇದೆ. ಪರವಾನಗಿ ಇಲ್ಲದವರು ಸೈಲ್ಯಾಬ್ ಅಥವಾ ಆಕ್ಟೇವ್ ಬಳಸಬಹುದು.

ಸಿವಿಲ್, ಮೆಕ್ಯಾನಿಕಲ್ ಮತ್ತು ವಾಣಿಜ್ಯ ವಿಭಾಗದವರು ಎಚ್ಚರ ವಹಿಸಬೇಕು. ಆಟೋಕ್ಯಾಡ್, ರೆವಿಟ್, ಸ್ಟ್ಯಾಡ್, ಈಟ್ಯಾಬ್ಸ್, ಸಾಲಿಡ್‌ವರ್ಕ್ಸ್, ಟ್ಯಾಲಿ ಇವು ಯಾವುದಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಫ್ರೀಕ್ಯಾಡ್, ಲಿಬ್ರೆಕ್ಯಾಡ್ ಕಲಿಯಲು ಒಳ್ಳೆಯವು. ಆದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಆಟೋಕ್ಯಾಡ್ ತೆರೆಯಿರಿ ಎಂದರೆ ಲಿಬ್ರೆಕ್ಯಾಡ್ ಅಭ್ಯಾಸ ನೆರವಿಗೆ ಬರುವುದಿಲ್ಲ. ಇವರು ವಿಂಡೋಸ್ ಅನ್ನು ಪದವಿ ಮುಗಿಯುವವರೆಗೂ ಉಳಿಸಿಕೊಂಡು, ಪಕ್ಕದಲ್ಲಿ ಲಿನಕ್ಸ್ ಇಟ್ಟುಕೊಳ್ಳುವುದು ಸರಿ.

ಎಲ್ಲರಿಗೂ ಅನ್ವಯಿಸುವ ಇನ್ನೊಂದು ಸಂಗತಿ ಆನ್‌ಲೈನ್ ಪರೀಕ್ಷೆ. ಕ್ಯಾಂಪಸ್ ನೇಮಕಾತಿಯ ಕೆಲವು ಪರೀಕ್ಷೆಗಳು ಪರೀಕ್ಷಾರ್ಥಿಯ ಮೇಲೆ ಕಣ್ಣಿಡುವ ವಿಶೇಷ ತಂತ್ರಾಂಶ ಕೇಳುತ್ತವೆ. ಸೇಫ್ ಎಕ್ಸಾಮ್ ಬ್ರೌಸರ್‌ನಂಥವು ಲಿನಕ್ಸ್‌ನಲ್ಲಿ ಓಡುವುದೇ ಇಲ್ಲ. ಅಂತಿಮ ವರ್ಷದವರು ವಿಂಡೋಸ್ ಅಳಿಸಬಾರದು ಎಂದು ಹೇಳಲು ಈ ಒಂದೇ ಕಾರಣ ಸಾಕು. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್, ಡಿಜಿಲಾಕರ್, ವಾಟ್ಸ್‌ಆ್ಯಪ್ ವೆಬ್ ಇವೆಲ್ಲ ಬ್ರೌಸರ್‌ನಲ್ಲೇ ನಡೆಯುವುದರಿಂದ ಚಿಂತೆಯಿಲ್ಲ.

ಯಾವ ಲಿನಕ್ಸ್?

ಮೊದಲ ಬಾರಿ ಬರುವವರಿಗೆ ನನ್ನ ಉತ್ತರ ಒಂದೇ: ಲಿನಕ್ಸ್ ಮಿಂಟ್. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ. ವಿಂಡೋಸ್‌ನಿಂದ ಬಂದವರ ಕಣ್ಣಿಗೆ ಪರಕೀಯ ಅನ್ನಿಸುವುದಿಲ್ಲ. ಇದರ 22ನೇ ಸರಣಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ನಿಂತಿದೆ, 2029ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಹತ್ತಾರು ಬಗೆಯ ಲಿನಕ್ಸ್‌ಗಳನ್ನು ಹೋಲಿಸುತ್ತಾ ಕೂರುವುದು ಬೇಡ, ಆ ಸಮಯವನ್ನು ಬ್ಯಾಕಪ್‌ಗೆ ಕೊಡಿ.

ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಳೆಯ ಹಾರ್ಡ್ ಡಿಸ್ಕ್ ಇದ್ದು, ಸ್ವಲ್ಪ ಹಣ ಖರ್ಚು ಮಾಡಬಲ್ಲಿರಾದರೆ ಅದರ ಜಾಗಕ್ಕೆ ಎಸ್‌ಎಸ್‌ಡಿ (ಹೆಚ್ಚು ವೇಗದ ಡಿಸ್ಕ್) ಹಾಕಿಸಿ. ಹಳೆಯ ಯಂತ್ರವನ್ನು ಚುರುಕಾಗಿಸಲು ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಮೊದಲ ಹೆಜ್ಜೆ: ವಿಂಡೋಸ್‌ನಲ್ಲಿದ್ದುಕೊಂಡೇ ತಂತ್ರಾಂಶ ಬದಲಿಸಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಹೊಸ ವ್ಯವಸ್ಥೆಯಲ್ಲಿ ಮೊದಲ ವಾರ ಗೊಂದಲವಾಗುವುದು ಎಲ್ಲವೂ ಒಟ್ಟಿಗೆ ಬದಲಾಗುವುದರಿಂದ: ಮೆನು ಹೊಸದು, ವರ್ಡ್ ಇಲ್ಲ, ಫೈಲ್ ಎಲ್ಲಿ ಉಳಿಯಿತೋ ತಿಳಿಯುವುದಿಲ್ಲ. ಈ ಬದಲಾವಣೆಯನ್ನು ಎರಡು ಭಾಗ ಮಾಡಿಕೊಳ್ಳಿ.

ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ, ಜಿಂಪ್, ವಿಎಸ್ ಕೋಡ್ ಇವೆಲ್ಲ ವಿಂಡೋಸ್‌ನಲ್ಲೂ ಓಡುತ್ತವೆ, ಉಚಿತವಾಗಿಯೂ ಸಿಗುತ್ತವೆ. ಇನ್‌ಸ್ಟಾಲ್‌ಗೆ ಒಂದು ತಿಂಗಳ ಮೊದಲೇ ಇವನ್ನು ವಿಂಡೋಸ್‌ನಲ್ಲಿ ಹಾಕಿಕೊಂಡು ದಿನನಿತ್ಯದ ಕೆಲಸ ಇವುಗಳಲ್ಲೇ ಮಾಡಿ. ಅಸೈನ್‌ಮೆಂಟ್ ಅನ್ನು ಲಿಬ್ರೆಆಫೀಸ್ ರೈಟರ್‌ನಲ್ಲಿ ಬರೆಯಿರಿ, ಸೆಮಿನಾರ್‌ನ ಸ್ಲೈಡ್‌ಗಳನ್ನು ಇಂಪ್ರೆಸ್‌ನಲ್ಲಿ ಮಾಡಿ. ಎಲ್ಲಿ ತೊಡಕಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ವರ್ಡ್‌ನಲ್ಲಿ ಮಾಡಿದ ಸಮೀಕರಣಗಳು ಅಲುಗಾಡಿದವೇ? ಎಕ್ಸೆಲ್ ಮ್ಯಾಕ್ರೋ ಕೈಕೊಟ್ಟಿತೇ? ಈ ತೊಡಕುಗಳು ವಿಂಡೋಸ್ ಪಕ್ಕದಲ್ಲೇ ಇರುವಾಗ ಗೊತ್ತಾದರೆ ಪರಿಹಾರ ಸುಲಭ. ಒಂದು ತಿಂಗಳಾದರೂ ಲಿಬ್ರೆಆಫೀಸ್ ಒಗ್ಗದಿದ್ದರೆ ಮೈಕ್ರೋಸಾಫ್ಟ್ ಆಫೀಸ್‌ನ ಬ್ರೌಸರ್ ಆವೃತ್ತಿಯನ್ನು ಬಳಸಬಹುದು. ಅದಕ್ಕೆ ಸದಾ ಇಂಟರ್‌ನೆಟ್ ಬೇಕು ಎಂಬುದು ನೆನಪಿರಲಿ.

ಎರಡನೆಯದು: ಬ್ಯಾಕಪ್

ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಚಿತ್ರಗಳು, ಪ್ರಾಜೆಕ್ಟ್‌ನ ಕೋಡ್, ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೋ ದೊಡ್ಡ ಪೆನ್‌ಡ್ರೈವ್‌ಗೋ ನಕಲಿಸಿ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸ್ಕ್ಯಾನ್‌ಗಳು ಎಲ್ಲೋ ಡೌನ್‌ಲೋಡ್ಸ್ ಒಳಗೆ ಹೂತಿರುತ್ತವೆ, ಹುಡುಕಿ ತೆಗೆಯಿರಿ.

ಇಲ್ಲೊಂದು ಅಪಾಯವಿದೆ. ಒನ್‌ಡ್ರೈವ್ ಚಾಲೂ ಇದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನ ಕೆಲವು ಫೈಲ್‌ಗಳು ನಿಮ್ಮ ಯಂತ್ರದಲ್ಲಿ ಹೆಸರಿಗೆ ಮಾತ್ರ ಇರುತ್ತವೆ, ನಿಜವಾದ ಫೈಲ್ ಇರುವುದು ಕ್ಲೌಡ್‌ನಲ್ಲಿ. ಫೈಲ್ ಪಕ್ಕದಲ್ಲಿ ಮೋಡದ ಗುರುತು ಕಂಡರೆ ಅದು ಅಂಥದ್ದು ಎಂದರ್ಥ. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ಯಾವಾಗಲೂ ಈ ಸಾಧನದಲ್ಲಿ ಇಡು ಎಂಬ ಆಯ್ಕೆಯನ್ನು ಒತ್ತಿ, ಎಲ್ಲವೂ ಇಳಿದ ಮೇಲೆಯೇ ನಕಲಿಸಿ. ನಕಲಿಸಿದ್ದನ್ನು ಗೆಳೆಯನ ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಅನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಮೂರನೆಯದು: ಡೌನ್‌ಲೋಡ್ ಮತ್ತು ಪೆನ್‌ಡ್ರೈವ್

ಮಿಂಟ್ ಹಾಕಲು ಬೇಕಾದ ಐಎಸ್‌ಒ ಫೈಲ್ ಸುಮಾರು 3 ಜಿಬಿ ಇರುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಅದನ್ನು ಒಂದೇ ಬಾರಿಗೆ ಇಳಿಸಲಾಗುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಹಳ್ಳಿಗಳಲ್ಲಂತೂ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಮನೆಗಳಿವೆ. ಊರಿಗೆ ಹೊರಡುವ ಮೊದಲೇ ಕಾಲೇಜಿನ ವೈಫೈಯಲ್ಲಿ ಇಳಿಸಿಕೊಳ್ಳಿ. ಆಗದಿದ್ದರೆ ಮಿಂಟ್‌ನ ಅಧಿಕೃತ ತಾಣದಲ್ಲಿರುವ ಟೊರೆಂಟ್ ಕೊಂಡಿಯನ್ನು ಬಳಸಿ. ನಡುವೆ ನೆಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಇಳಿದದ್ದು ಸರಿಯಿದೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ.

8 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಬ್ಯಾಕಪ್ ಇಟ್ಟ ಪೆನ್‌ಡ್ರೈವ್ ಅನ್ನೇ ಇದಕ್ಕೆ ಚುಚ್ಚಬೇಡಿ. ವಿಂಡೋಸ್‌ನಲ್ಲಿ ರೂಫಸ್ ಎಂಬ ಚಿಕ್ಕ ತಂತ್ರಾಂಶ ತೆರೆದು, ಐಎಸ್‌ಒ ಆರಿಸಿ, ಉಳಿದದ್ದನ್ನು ಇದ್ದಂತೆಯೇ ಬಿಟ್ಟು ಸ್ಟಾರ್ಟ್ ಒತ್ತಿ.

ನಾಲ್ಕನೆಯದು: ವಿಂಡೋಸ್ ಒಳಗಿನ ಮೂರು ಕೆಲಸ

ಒಂದು, ಬಿಟ್‌ಲಾಕರ್, ಅಂದರೆ ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬೀಗ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹುಡುಕಿ. ಚಾಲೂ ಇದ್ದರೆ, ಬೂಟ್ ವ್ಯವಸ್ಥೆ ಬದಲಾದ ಕೂಡಲೇ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಎನ್‌ಕ್ರಿಪ್ಷನ್ ಅನ್ನು ಆಫ್ ಮಾಡಿ. ಇದು ಮುಗಿಯಲು ಸಮಯ ಹಿಡಿಯುತ್ತದೆ, ಅವಸರ ಮಾಡಬೇಡಿ.

ಎರಡು, ಫಾಸ್ಟ್ ಸ್ಟಾರ್ಟಪ್. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ನಿಲ್ಲಿಸಿ. ಇಲ್ಲದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಆಗ ಲಿನಕ್ಸ್‌ನಿಂದ ವಿಂಡೋಸ್‌ನ ಫೈಲ್‌ಗಳನ್ನು ಓದಬಹುದೇ ಹೊರತು ಬದಲಿಸಲಾಗುವುದಿಲ್ಲ.

ಮೂರು, ಜಾಗ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್ ಮೂಲಕ 60ರಿಂದ 100 ಜಿಬಿ ಬಿಡಿಸಿಕೊಳ್ಳಿ. ಬಿಡಿಸಿದ ಜಾಗಕ್ಕೆ ಹೊಸ ಡ್ರೈವ್ ಅಕ್ಷರ ಕೊಡದೆ ಖಾಲಿ ಬಿಡಿ.

ಐದನೆಯದು: ಹಾಕದೆಯೇ ಓಡಿಸಿ ನೋಡಿ

ಪೆನ್‌ಡ್ರೈವ್ ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿ, ಯಂತ್ರ ಯಾವುದರಿಂದ ಏಳಬೇಕೆಂದು ಕೇಳುವ ಬೂಟ್ ಮೆನು ತೆರೆಯಿರಿ. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್ ಕೀ. ಏಸರ್‌ನಲ್ಲಿ ಮೊದಲು ಎಫ್2 ಒತ್ತಿ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್ಸ್) ಒಳಗೆ ಎಫ್12 ಬೂಟ್ ಮೆನುವನ್ನು ಚಾಲೂ ಮಾಡಬೇಕಾಗಬಹುದು. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ನೇರವಾಗಿ ಅದರಿಂದಲೇ ಓಡುತ್ತದೆ, ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ.

ಇಲ್ಲಿ ಒಂದು ಗಂಟೆ ಕಳೆಯಿರಿ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ, ಬ್ಲೂಟೂತ್, ಟಚ್‌ಪ್ಯಾಡ್, ಪರದೆಯ ಬೆಳಕು ಏರಿಳಿಸುವ ಕೀ ಎಲ್ಲ ಕೆಲಸ ಮಾಡುತ್ತವೆಯೇ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿ ಹಾಕಬೇಕಾಗುತ್ತದೆ. ಆ್ಯಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ ಯಾವ ಡ್ರೈವರ್ ಇಲ್ಲದೆಯೂ ನೆಟ್ ಸಿಗುತ್ತದೆ.

ಆರನೆಯದು: ಇನ್‌ಸ್ಟಾಲ್

ಚಾರ್ಜರ್ ಚುಚ್ಚಿಕೊಂಡೇ ಕೂತುಕೊಳ್ಳಿ. ಬ್ಯಾಟರಿ ಸತ್ತಿರುವ ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಮಳೆಗಾಲದ ಸಂಜೆ ಈ ಕೆಲಸ ಬೇಡವೇ ಬೇಡ. ಮಲೆನಾಡಿನಲ್ಲಿ ಗಾಳಿ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಪಾರ್ಟಿಷನ್ (ಡಿಸ್ಕ್‌ನ ಭಾಗ) ಬರೆಯುವ ಹೊತ್ತಿನಲ್ಲಿ ಯಂತ್ರ ಆರಿದರೆ ವಿಂಡೋಸ್ ಕೂಡ ಕೈತಪ್ಪಬಹುದು. ಹಾಸನದ ಹಾಸ್ಟೆಲ್‌ನಲ್ಲೋ ಯುಪಿಎಸ್ ಇರುವ ಮನೆಯಲ್ಲೋ ಹಗಲು ಹೊತ್ತು ಮಾಡಿ.

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಚಿಹ್ನೆಯನ್ನು ಒತ್ತಿ. ಕೀಬೋರ್ಡ್ ಇಂಗ್ಲಿಷ್ ಆಗಿಯೇ ಇರಲಿ, ಕನ್ನಡವನ್ನು ಆಮೇಲೆ ಸೇರಿಸೋಣ. ಇಲ್ಲವಾದರೆ ಪಾಸ್‌ವರ್ಡ್ ಹೊಡೆಯುವಲ್ಲಿ ತೊಡಕು. ಮಲ್ಟಿಮೀಡಿಯಾ ಕೋಡೆಕ್‌ಗಳ ಚೌಕಕ್ಕೆ ಗುರುತು ಹಾಕಿ. ಸೆಕ್ಯೂರ್ ಬೂಟ್‌ಗೆಂದು (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ಭದ್ರತೆ) ಒಂದು ಪಾಸ್‌ವರ್ಡ್ ಕೇಳಿದರೆ ಸುಲಭವಾದದ್ದನ್ನು ಕೊಟ್ಟು ನೆನಪಿಟ್ಟುಕೊಳ್ಳಿ. ಮುಂದಿನ ಸಲ ಯಂತ್ರ ಚಾಲೂ ಆದಾಗ ನೀಲಿ ಪರದೆಯೊಂದು ಬಂದು ಕೀ ನೋಂದಾಯಿಸಲು ಕೇಳುತ್ತದೆ. ಗೊತ್ತಾಗದೆ ಎಂಟರ್ ಒತ್ತಿ ಮುಂದೆ ಹೋಗುವವರೇ ಹೆಚ್ಚು, ಆಮೇಲೆ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಓಡುವುದಿಲ್ಲ. ಎನ್‌ರೋಲ್ ಎಂಬುದನ್ನು ಆರಿಸಿ ಆ ಪಾಸ್‌ವರ್ಡ್ ಕೊಡಿ.

ಅತಿ ಮುಖ್ಯವಾದ ಪುಟ ಇನ್‌ಸ್ಟಾಲ್ ವಿಧಾನದ್ದು. ವಿಂಡೋಸ್ ಜೊತೆಯಲ್ಲಿ ಇನ್‌ಸ್ಟಾಲ್ ಮಾಡು ಎಂಬ ಆಯ್ಕೆ ಅಲ್ಲಿರಬೇಕು, ಅದನ್ನೇ ಆರಿಸಿ. ಡಿಸ್ಕ್ ಅಳಿಸು ಎಂಬುದನ್ನು ಮುಟ್ಟಬೇಡಿ. ಮೊದಲಿನ ಆಯ್ಕೆಯೇ ಕಾಣದಿದ್ದರೆ, ಅಥವಾ ಡಿಸ್ಕ್ ಕಾಣಿಸುತ್ತಿಲ್ಲವಾದರೆ, ಅಲ್ಲಿಗೇ ನಿಲ್ಲಿಸಿ ಹೊರಬನ್ನಿ. ಕೆಲವು ಯಂತ್ರಗಳಲ್ಲಿ ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ವ್ಯವಸ್ಥೆ ಅಡ್ಡ ಬರುತ್ತದೆ. ಅದನ್ನು ಬಯಾಸ್‌ನಲ್ಲಿ ದುಡುಕಿ ಬದಲಿಸಿದರೆ ವಿಂಡೋಸ್ ಏಳದೇ ಹೋಗಬಹುದು. ತಿಳಿದವರನ್ನು ಜೊತೆಗೆ ಕೂರಿಸಿಕೊಂಡು ಮಾಡಿ.

ಸಮಯವಲಯ ಕೋಲ್ಕತ್ತಾ. ಉಳಿದದ್ದು ಹೆಸರು, ಪಾಸ್‌ವರ್ಡ್ ಅಷ್ಟೆ. ಮುಗಿದ ಮೇಲೆ ಯಂತ್ರ ಏಳುವಾಗ ಮಿಂಟ್ ಬೇಕೋ ವಿಂಡೋಸ್ ಬೇಕೋ ಎಂಬ ಮೆನು ಬರಬೇಕು. ಬಾರದೆ ನೇರ ವಿಂಡೋಸ್‌ಗೆ ಹೋದರೆ ಬಯಾಸ್‌ನ ಬೂಟ್ ಕ್ರಮದಲ್ಲಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತನ್ನಿ. ಮಿಂಟ್ ಅಲ್ಲಿ ಆ ಹೆಸರಿನಲ್ಲೇ ದಾಖಲಾಗಿರುತ್ತದೆ.

ಮೊದಲ ದಿನದ ಕೆಲಸಗಳು

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ, ನಂತರ ಡ್ರೈವರ್ ಮ್ಯಾನೇಜರ್ ನೋಡಿ. ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ವ್ಯವಸ್ಥೆ ಹದಗೆಟ್ಟರೆ ಅಲ್ಲಿಗೆ ಹಿಂದಿರುಗಬಹುದು. ಅದು ನಿಮ್ಮ ಸ್ವಂತ ಫೈಲ್‌ಗಳನ್ನು ಉಳಿಸುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಒಂದೇ ತಂತ್ರಾಂಶ ಎರಡು ರೂಪದಲ್ಲಿ ಸಿಕ್ಕಿದರೆ, ಡೇಟಾ ಕಡಿಮೆ ಇರುವವರು ಫ್ಲ್ಯಾಟ್‌ಪ್ಯಾಕ್ ಬಿಟ್ಟು ಸಿಸ್ಟಂ ಪ್ಯಾಕೇಜ್ ಆರಿಸಿ. ಅದರ ಡೌನ್‌ಲೋಡ್ ಸಾಮಾನ್ಯವಾಗಿ ಬಹಳ ಚಿಕ್ಕದು.

ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಯಂತ್ರ ಕೆಟ್ಟಿತೆಂದು ತಿಳಿಯಬೇಡಿ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯದಲ್ಲಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ವಿಂಡೋಸ್‌ನ ದಿನಾಂಕದ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಒತ್ತಿದರೆ ಸರಿಹೋಗುತ್ತದೆ. ಆನ್‌ಲೈನ್ ಪರೀಕ್ಷೆಯ ದಿನ ಮಾತ್ರ ಇದನ್ನು ಮೊದಲೇ ನೋಡಿಕೊಳ್ಳಿ.

ಕನ್ನಡ ಟೈಪಿಂಗ್

ಕನ್ನಡದ ಅಕ್ಷರಗಳು ಮಿಂಟ್‌ನಲ್ಲಿ ಮೊದಲ ದಿನದಿಂದಲೇ ಸರಿಯಾಗಿ ಕಾಣುತ್ತವೆ. ಟೈಪ್ ಮಾಡಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ ಎಂ17ಎನ್ (ibus-m17n) ಎಂದು ಹುಡುಕಿ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಎಂಬ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಐಬಸ್‌ನ ಆದ್ಯತೆಗಳಲ್ಲಿ ಕನ್ನಡ ಸೇರಿಸುವಾಗ ಹಲವು ವಿನ್ಯಾಸಗಳು ಕಾಣುತ್ತವೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳು ಪಳಗಿದವರು ಕೆಜಿಪಿ ಆರಿಸಿ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯ ಮೂಲಕ ನಾಡಿನಾದ್ಯಂತ ಹರಡಿದ ವಿನ್ಯಾಸವೇ ಇದು. ಇಂಗ್ಲಿಷ್ ಅಕ್ಷರಗಳ ಮೂಲಕ ಬರೆಯುವವರಿಗೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ವಿಂಡೋಸ್ ಚಿತ್ರದ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಕನ್ನಡ ಎಂ.ಎ. ಮಾಡುವವರಿಗೆ, ಕಾಲೇಜಿನ ವಾರ್ಷಿಕ ಸಂಚಿಕೆಯ ಕೆಲಸ ನೋಡುವವರಿಗೆ ಹಳೆಯ ನುಡಿ, ಬರಹ ಫೈಲ್‌ಗಳದ್ದೇ ತಲೆನೋವು. ಯೂನಿಕೋಡ್‌ಗಿಂತ ಮೊದಲಿನ ಆಸ್ಕಿ ಫಾಂಟ್‌ಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಓದಲು ಮಾತ್ರವಾದರೆ ವಿಂಡೋಸ್‌ನಿಂದ ಆ ಫಾಂಟ್ ಫೈಲ್‌ಗಳನ್ನು ತಂದು, ಎರಡು ಬಾರಿ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿದರಾಯಿತು. ತಿದ್ದಿ ಬರೆಯಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿ, ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ಲ್ಯಾಬ್, ವರದಿ, ಪ್ರಿಂಟ್

ಸಿ ಪ್ರೋಗ್ರಾಂಗೆ ಬಿಲ್ಡ್ ಎಸೆನ್ಷಿಯಲ್ ಎಂಬ ಪ್ಯಾಕೇಜ್ ಹಾಕಿದರೆ ಜಿಸಿಸಿ ಕಂಪೈಲರ್ ಬರುತ್ತದೆ. ಪೈಥಾನ್ ಮೊದಲೇ ಇರುತ್ತದೆ. ಟರ್ಬೋ ಸಿಯಲ್ಲಿ ಕಲಿತವರು ಕೋನಿಯೋ ಹೆಡರ್ ಫೈಲ್, ಪರದೆ ಒರೆಸುವ ಕ್ಲಿಯರ್‌ಸ್ಕ್ರೀನ್, ಕೊನೆಯಲ್ಲಿ ಕಾಯುವ ಗೆಟ್‌ಸಿಎಚ್ ಇವನ್ನು ಬಿಡಬೇಕು. ಅವು ಸಿ ಭಾಷೆಯ ಪ್ರಮಾಣಿತ ಭಾಗಗಳಲ್ಲ, ಜಿಸಿಸಿಗೆ ಗೊತ್ತಿಲ್ಲ. ಗಣಿತದ ಫಂಕ್ಷನ್ ಬಳಸಿದರೆ ಕಂಪೈಲ್ ಮಾಡುವಾಗ ಮ್ಯಾತ್ ಲೈಬ್ರರಿಯನ್ನು ಜೋಡಿಸಲು ಹೇಳಬೇಕು. ಫೈಲ್ ಹೆಸರಿನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಲಿನಕ್ಸ್‌ಗೆ ಬೇರೆ ಬೇರೆ ಎಂಬುದೂ ನೆನಪಿರಲಿ. ಆರ್ಡುಯಿನೋ ಬೋರ್ಡ್‌ಗೆ ಕೋಡ್ ಹೋಗದಿದ್ದರೆ, ಬಳಕೆದಾರರು ಮತ್ತು ಗುಂಪುಗಳು ಎಂಬ ಸೆಟ್ಟಿಂಗ್‌ನಲ್ಲಿ ನಿಮ್ಮನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ.

ಪ್ರಾಜೆಕ್ಟ್ ವರದಿಗೆ ಟೈಮ್ಸ್ ನ್ಯೂ ರೋಮನ್ ಕೇಳುತ್ತಾರೆ. ಲಿಬರೇಷನ್ ಸೆರಿಫ್ ಅದೇ ಅಳತೆಯ ಫಾಂಟ್ ಆದ್ದರಿಂದ ಸಾಲುಗಳು ಸ್ಥಳ ಬದಲಿಸುವುದಿಲ್ಲ. ಕ್ಯಾಲಿಬ್ರಿಗೆ ಕಾರ್ಲಿಟೋ ಹಾಗೆಯೇ ಹೊಂದುತ್ತದೆ. ಗೈಡ್ ವರ್ಡ್ ಫೈಲ್ ಕೇಳಿದರೆ, ಕೊಡುವ ಮೊದಲು ಗೆಳತಿಯ ಯಂತ್ರದ ವರ್ಡ್‌ನಲ್ಲಿ ಒಮ್ಮೆ ತೆರೆದು ಪುಟ ಸಂಖ್ಯೆ, ಪರಿವಿಡಿ, ಕೋಷ್ಟಕಗಳನ್ನು ನೋಡಿ. ಜೆರಾಕ್ಸ್ ಅಂಗಡಿಗೆ ಯಾವಾಗಲೂ ಪಿಡಿಎಫ್ ಮಾತ್ರ ಒಯ್ಯಿರಿ.

ಸ್ವಂತ ಪ್ರಿಂಟರ್ ಇರುವವರಿಗೆ ಎಚ್‌ಪಿಯ ಬಹುತೇಕ ಮಾದರಿಗಳು ತಾವಾಗಿಯೇ ಸಿಗುತ್ತವೆ, ಎಪ್ಸನ್ ಮತ್ತು ಬ್ರದರ್ ಲಿನಕ್ಸ್ ಡ್ರೈವರ್ ಕೊಡುತ್ತವೆ. ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಅದರಲ್ಲಿ ಪ್ರಿಂಟ್ ತೆಗೆಯಲು ವಿಂಡೋಸ್‌ಗೆ ಹೋಗುವುದೇ ಜಾಣತನ.

ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿನಕ್ಸ್, ಲಿಬ್ರೆಆಫೀಸ್, ಸಿ, ಪೈಥಾನ್ ಮುಂತಾದ ವಿಷಯಗಳ ಕಿರು ಪಾಠಗಳು ಅಲ್ಲಿವೆ, ಅನೇಕವು ಕನ್ನಡದಲ್ಲೂ ಇವೆ. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ಆದೇಶಗಳನ್ನು ಎಲ್ಲಿಂದಲೋ ನಕಲಿಸಿ ಅಂಟಿಸುವ ಬದಲು ಅಲ್ಲಿ ಒಂದೊಂದಾಗಿ ಕಲಿಯಿರಿ. ಅರ್ಥ ತಿಳಿಯದ ಆದೇಶವನ್ನು ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಎಂದೂ ಓಡಿಸಬೇಡಿ.

ವಿಂಡೋಸ್ ಅನ್ನು ಯಾವಾಗ ತೆಗೆಯಬೇಕು

ಒಂದು ಸೆಮಿಸ್ಟರ್ ಪೂರ್ತಿ, ಅಂದರೆ ಇಂಟರ್ನಲ್ಸ್, ಲ್ಯಾಬ್ ಪರೀಕ್ಷೆ, ವರದಿ ಎಲ್ಲವನ್ನೂ ಲಿನಕ್ಸ್‌ನಲ್ಲಿ ದಾಟಿದ ಮೇಲೆ ಯೋಚಿಸಿ. ಆ ಅವಧಿಯಲ್ಲಿ ವಿಂಡೋಸ್‌ಗೆ ಯಾವ ಕೆಲಸಕ್ಕೆ ಹೋದಿರಿ ಎಂದು ಗುರುತು ಹಾಕಿಕೊಂಡಿದ್ದರೆ ಉತ್ತರ ತಾನೇ ಸಿಗುತ್ತದೆ. ಒಂದೆರಡು ಚಿಕ್ಕ ತಂತ್ರಾಂಶಗಳಿಗೆ ಮಾತ್ರವಾದರೆ, 8 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವವರು ಲಿನಕ್ಸ್ ಒಳಗೇ ಇನ್ನೊಂದು ವ್ಯವಸ್ಥೆ ಓಡಿಸುವ ವರ್ಚುವಲ್‌ಬಾಕ್ಸ್ ಒಳಗೆ ವಿಂಡೋಸ್ ಇಟ್ಟುಕೊಳ್ಳಬಹುದು.

ತೆಗೆಯಲು ನಿರ್ಧರಿಸಿದರೆ ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸಿ, ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ವಿಂಡೋಸ್‌ನ ದೊಡ್ಡ ಎನ್‌ಟಿಎಫ್‌ಎಸ್ ಪಾರ್ಟಿಷನ್ ಅನ್ನು ಮಾತ್ರ ಅಳಿಸಿ. ಅಲ್ಲೇ ಪಕ್ಕದಲ್ಲಿ 100ರಿಂದ 500 ಎಂಬಿಯಷ್ಟು ಚಿಕ್ಕದಾದ ಫ್ಯಾಟ್32 ಪಾರ್ಟಿಷನ್ ಒಂದಿರುತ್ತದೆ, ಇಎಫ್‌ಐ ಎಂದು ಅದರ ಹೆಸರು. ಜಾಗ ಸಿಗುತ್ತದೆಂದು ಅದನ್ನು ಅಳಿಸಬೇಡಿ. ಲಿನಕ್ಸ್ ಅನ್ನು ಎಬ್ಬಿಸುವ ಫೈಲ್‌ಗಳೂ ಅದರೊಳಗೇ ಇವೆ.